ನಾಲೆಗೆ ಬಿಟ್ಟ ನಿಂಬೆಹಣ್ಣುಗಳು

ಮಳೆ ಬಂದರೆ ಶಾಲೆ ಬಿಡಬೇಕು ಎನ್ನುವುದು ಮಕ್ಕಳ ವಾದ. ಮಳೆ ಬಂದಾಗಲೇ ಶಾಲೆ ಶುರುವಾಗುವುದು ಎನ್ನುವುದು ನನ್ನ ವಾದ. ಈ ಜಗಳದಲ್ಲೇ ನನ್ನ ಸರ್ವಿಸ್ ಮುಗಿದುಹೋಯಿತು. ಜಗಳೂರಿನಲ್ಲಿ ಶುರು ಮಾಡಿ, ಹೊನ್ನಾಳಿ, ಚನ್ನಗಿರಿ ಸುತ್ತಿ, ನ್ಯಾಮತಿಯಲ್ಲಿ ಕೊನೆಯ ಹಾಜರಿ ಕರೆದು ಮನೆಗೆ ಬಂದಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾಕೆ ತಡವಾಯಿತು ಎನ್ನುವ ಪುರಾಣ ಇಲ್ಲಿ ಬೇಡ. ಅದನ್ನು ತೆಗೆದರೆ ನಮ್ಮ ಯಜಮಾನರೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ.

ಹೋದ ತಿಂಗಳು ನಮ್ಮ ಬೀದಿಯ ಸುಮಾ ಬಂದಿದ್ದಳು. ಹೊಸದಾಗಿ ಸರ್ಕಾರಿ ಶಾಲೆಗೆ ಟೀಚರ್ ಆಗಿ ಸೇರಿದ ಹುಡುಗಿ. "ಮೇಡಂ, ಐದನೇ ಕ್ಲಾಸಿಗೆ ಜಲಚಕ್ರ ಮಾಡಾಕೆ ಹೇಳ್ಯಾರೆ. ನಿಮ್ಮತ್ರ ಹಳೇ ಚಾರ್ಟ್ ಇದ್ರೆ ಕೊಡ್ರಿ" ಎಂದಳು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹಾಲು ಉಕ್ಕಿದಂತೆ, ಬರುವುದೂ ಬೇಗ, ಇಳಿಯುವುದೂ ಬೇಗ. "ಚಾರ್ಟ್ ಗೀರ್ಟ್ ಏನೂ ಇಲ್ಲ, ಹೊರಗೆ ಹೋಗು" ಎಂದೆ. ಪಾಪ, ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗು ಎಂದು ನಾನು ಹೇಳಿದ್ದು ಎಂದು ತಿಳಿಸಿ, ಒಳಗೆ ಕೂರಿಸಿ, ಟೀ ಕೊಟ್ಟು ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ಅವಳಂಥವರು ಇನ್ನೂ ಇರುತ್ತಾರಲ್ಲ.

ನಾನು ಹೊನ್ನಾಳಿಯ ಹೊಳೆದಂಡೆಯಲ್ಲಿ ಬೆಳೆದವಳು. ನೀರಿನ ವಿಚಾರ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಇತ್ತು. ಮೊದಲ ಪೋಸ್ಟಿಂಗ್ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಆಯಿತು. ಬಸ್ಸಿನಿಂದ ಇಳಿದು ನೋಡಿದರೆ ಕಣ್ಣು ಹಾಯುವಷ್ಟು ದೂರ ಕೆಂಪು ನೆಲ, ಬಿಸಿಲು, ಗಾಳಿ. ಹೊಳೆ ಎಂದರೆ ಏನು ಎಂದು ಕ್ಲಾಸಿನಲ್ಲಿ ಕೇಳಿದೆ. ಒಬ್ಬ ಹುಡುಗ ಎದ್ದು, "ಉದ್ದಕಿರೋ ಕೆರೆ ಮಿಸ್" ಎಂದ. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಆ ವರ್ಷ ಮಳೆ ತಡವಾಯಿತು. ಒಂದು ದಿನ ಬೆಳಿಗ್ಗೆ ಕ್ಲಾಸಿನಲ್ಲಿ ಅರ್ಧ ಮಕ್ಕಳೇ ಇಲ್ಲ. ವಿಚಾರಿಸಿದರೆ ಎಲ್ಲರೂ ಮಳೆರಾಯನನ್ನು ಹೊತ್ತು ಬೀದಿ ಸುತ್ತುತ್ತಿದ್ದಾರೆ. ಮಣೆಯ ಮೇಲೆ ಮಣ್ಣಿನ ಮಳೆರಾಯನನ್ನು ಮಾಡಿ ಒಬ್ಬರು ತಲೆಯ ಮೇಲೆ ಹೊರುತ್ತಾರೆ, ಪ್ರತಿ ಮನೆಯ ಮುಂದೆ ಹೆಂಗಸರು ಅದರ ಮೇಲೆ ಒಂದು ಕೊಡ ನೀರು ಸುರಿಯುತ್ತಾರೆ, ಮಳೆ ಬರುತ್ತದೆ. ಬಂದರೆ ಬರುತ್ತದೆ. ನಾನಾಗ ಹೊಸ ಬಿಸಿ, ವಿಜ್ಞಾನದ ಟೀಚರು. ಮೂಢನಂಬಿಕೆ ಎಂದು ಬೈದು ಎಳೆದು ತರಲು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ.

ಬೀದಿಯ ತಿರುವಿನಲ್ಲಿ ಮೆರವಣಿಗೆ ಸಿಕ್ಕಿತು. ಮಣೆ ಹೊತ್ತವಳು ನನ್ನ ಕ್ಲಾಸಿನ ಮಾರಕ್ಕ. ಹೊತ್ತು ಹೊತ್ತು ಅವಳು ತೊಪ್ಪೆಯಾಗಿದ್ದಳು. ನಾನು ಬಾಯಿ ತೆರೆಯುವುದಕ್ಕೂ ಒಬ್ಬ ಅಜ್ಜಿ ಕೊಡ ಬಗ್ಗಿಸುವುದಕ್ಕೂ ಸರಿಹೋಯಿತು. ನೀರು ಮಳೆರಾಯನ ನೆತ್ತಿಗೆ ಬಿದ್ದು, ಅವನ ಹೆಗಲ ಮೇಲೆ ಎರಡಾಗಿ ಸೀಳಿ, ಒಂದು ಪಾಲು ಮಾರಕ್ಕನ ಎಡಗಿವಿಯ ಮೇಲೆ, ಇನ್ನೊಂದು ಬಲಗಿವಿಯ ಮೇಲೆ ಇಳಿಯಿತು. ಮಾರಕ್ಕ ನನ್ನನ್ನು ನೋಡಿ, ಹೆದರುವ ಬದಲು, ಹಲ್ಲು ಕಿರಿದು ಹೇಳಿದಳು. "ನೋಡ್ರಿ ಮಿಸ್, ಈ ಕಿವಿಗೆ ಬಂದಿದ್ದು ಆ ಕಿವಿಗೆ ಹೋಗಾದೇ ಇಲ್ಲ!"

ಬೈಗುಳ ಬಾಯಲ್ಲೇ ಉಳಿಯಿತು. ಏರು ನೆಲ ನೀರನ್ನು ಎರಡು ಪಾಲು ಮಾಡುತ್ತದೆ ಎಂದು ನಾನು ಒಂದು ವಾರದಿಂದ ಬೋರ್ಡಿನ ಮೇಲೆ ಗೀಚುತ್ತಿದ್ದೆ, ಯಾರ ತಲೆಗೂ ಹೋಗಿರಲಿಲ್ಲ. ಮಾರಕ್ಕನ ತಲೆಯ ಮೇಲೆ ಅದು ತಾನಾಗಿಯೇ ಇಳಿಯುತ್ತಿತ್ತು. ನಾನೂ ಒಂದು ಕೊಡ ಇಸಿದುಕೊಂಡು ಸುರಿದೆ. ಮಾರನೆಯ ದಿನ ಮಕ್ಕಳನ್ನೆಲ್ಲ ಊರಾಚೆಯ ದಿಣ್ಣೆಗೆ ಕರೆದುಕೊಂಡು ಹೋದೆ. ಈ ಕಡೆ ಬಿದ್ದ ಮಳೆ ನಮ್ಮ ಕೆರೆಗೆ, ಆ ಕಡೆ ಬಿದ್ದದ್ದು ಪಕ್ಕದ ಊರಿನ ಕೆರೆಗೆ ಎಂದು ತೋರಿಸಿದೆ. ಹುಡುಗರು ದಿಣ್ಣೆಯ ನೆತ್ತಿಯ ಮೇಲೆ ನಿಂತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಉಗುಳಿ, "ನಂದು ಎರಡೂ ಕೆರೆಗೆ ಹೋತು" ಎಂದು ಕುಣಿದರು. ಸ್ವಚ್ಛತೆಯ ಪಾಠ ಇನ್ನೊಂದು ದಿನ ಮಾಡಿದರಾಯಿತು ಎಂದು ಸುಮ್ಮನಾದೆ.

ಅದಾಗಿ ಕೆಲವು ದಿನಕ್ಕೆ ಮಳೆ ಬಂತು. ನಿಂತ ಕೂಡಲೇ ಪುಸ್ತಕ ಮುಚ್ಚಿಸಿ, ಶಾಲೆಯ ಹೆಂಚಿನಿಂದ ಸುರಿದ ನೀರಿನ ಹಿಂದೆ ಹೊರಟೆವು. ಅಂಗಳ ದಾಟಿತು, ಬೀದಿ ದಾಟಿತು, ತಿಪ್ಪೆಯ ಪಕ್ಕ ನುಸುಳಿ ಹಳ್ಳಕ್ಕೆ ಇಳಿಯಿತು, ಮರಳಿನಲ್ಲಿ ಮಾಯವಾಯಿತು. ಒಬ್ಬ ಹುಡುಗ ಅಳುಮೋರೆ ಮಾಡಿ, "ಸತ್ತೋತು ಮಿಸ್" ಎಂದ. ಮಾರಕ್ಕ ಮಂಡಿಯೂರಿ ಎರಡೂ ಕೈಯಿಂದ ಮರಳು ಬಗೆದಳು. ಮೊಣಕೈ ಮುಳುಗುವಷ್ಟು ಬಗೆದಾಗ ಕೆಳಗಿನಿಂದ ನೀರು ಜಿನುಗಿ ಬಂತು. "ಸತ್ತಿಲ್ಲ ಕಣೋ, ಬಚ್ಚಿಟ್ಕಂಡೈತೆ." ಮಳೆರಾಯನಿಂದ ಮಳೆ ಬಂತು ಎಂದು ಊರಿನವರು, ಮೋಡದಿಂದ ಬಂತು ಎಂದು ನಾನು. ಮಕ್ಕಳು ಇಬ್ಬರಿಗೂ ಹೂಂ ಎಂದರು. ಅಲ್ಲಿಂದ ಮುಂದೆ ಶನಿವಾರದ ಬೆಳಗಿನ ಕ್ಲಾಸನ್ನು ನಾನು ಗೋಡೆಯೊಳಗೆ ಮಾಡಿದ್ದೇ ಇಲ್ಲ. ಮಕ್ಕಳು ಅದಕ್ಕೆ ನೀರಿನ ಶನಿವಾರ ಎಂದು ಹೆಸರಿಟ್ಟರು. ನನ್ನ ಇಡೀ ಸರ್ವಿಸಿನಲ್ಲಿ ನಾನು ಜೀವ ಇಟ್ಟುಕೊಂಡಿದ್ದು ಆ ಒಂದು ಕ್ಲಾಸಿನ ಮೇಲೆ.

ಆಮೇಲೆ ಸಾಸ್ವೆಹಳ್ಳಿ ಕಡೆಯ ಶಾಲೆಗೆ ವರ್ಗವಾಯಿತು. ತವರಿನ ಕಡೆಗೇ ಬಂದ ಹಾಗಾಯಿತು. ಅಲ್ಲಿ ಹೊಳೆ ಇತ್ತು, ಹಾಗಾಗಿ ಭಯವೂ ಇತ್ತು. ಹೊಸಬರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಹೊಳೆ ತೋರಿಸಲು ಕರೆದುಕೊಂಡು ಹೋಗಿ, ಇಳಿಸಲು ಅಲ್ಲ. ದೊಡ್ಡವರು ಇಬ್ಬರಾದರೂ ಜೊತೆಗಿರಲಿ. ಮಳೆಗಾಲದ ಹೊಳೆಯನ್ನು ದಂಡೆಯ ಮೇಲಿನ ಮರದ ಹತ್ತಿರ ನಿಂತು ನೋಡಿದರೆ ಸಾಕು, ಅದು ಅಲ್ಲಿಗೂ ಪಾಠ ಕಳಿಸುತ್ತದೆ.

ಹೊಳೆಗೆ ಹೋಗಲಾರದ ದಿನ ಬೇರೆ ಆಟ ಇತ್ತು. ಅಂಗೈ ಒದ್ದೆ ಮಾಡಿಕೊಂಡು ಶಾಲೆಯ ಕಲ್ಲುಗೋಡೆಗೆ ಒತ್ತುವುದು, ಯಾರ ಕೈಯ ಗುರುತು ಕೊನೆಯವರೆಗೆ ಉಳಿಯುತ್ತದೋ ಅವರು ಗೆದ್ದಂತೆ. ನೀರು ಆವಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಒಂದು ದಿನ ಇಡೀ ಕ್ಲಾಸು ಗೋಡೆಗೆ ಕೈ ಒತ್ತಿ ನಿಂತಿರುವಾಗ ಶಾಲಾ ಇನ್‌ಸ್ಪೆಕ್ಟರ್ ಬಂದುಬಿಟ್ಟರು. ಇಸ್ತ್ರಿ ಅಂಗಿ, ದಪ್ಪ ಮೀಸೆ. ಬಂದವರೇ, "ಏನ್ರಿ ಇದು, ಇಡೀ ಕ್ಲಾಸಿಗೆ ಶಿಕ್ಷೆ ಕೊಟ್ಟೀರಾ?" ಎಂದು ಗುಡುಗಿದರು.

"ಶಿಕ್ಷೆ ಅಲ್ಲ ಸಾರ್, ಪಂದ್ಯ" ಎಂದಳು ಒಬ್ಬಳು ಪುಟ್ಟ ಹುಡುಗಿ. "ನೀವೂ ಬರ್ರಿ."

ಇನ್‌ಸ್ಪೆಕ್ಟರ್ ಮೀಸೆ ತಿರುವಿದರು, ಆಚೀಚೆ ನೋಡಿದರು, ಬಕೆಟ್ಟಿನಲ್ಲಿ ಕೈ ಅದ್ದಿ ಗೋಡೆಗೆ ಒತ್ತಿದರು. ಮಕ್ಕಳ ಕೈಗಳು ಒಂದೊಂದೇ ಮಾಯವಾದವು, ಇನ್‌ಸ್ಪೆಕ್ಟರರ ಕೈ ಮಾತ್ರ ಹಾಗೇ ಕೂತಿತ್ತು. ಅವರು ಗೆದ್ದ ನಗು ನಕ್ಕಾಗ ಎಲ್ಲರೂ ಒಟ್ಟಿಗೆ ಕೂಗಿದರು. "ಮೋಸ! ಮೋಸ! ಸಾರು ನೆಳ್ಳಾಗೆ ಇಟ್ರು!"

ಹೌದು, ಜಗಲಿಯ ನೆರಳು ಬೀಳುವ ಮೂಲೆ ನೋಡಿಯೇ ಒತ್ತಿದ್ದರು. ನೆರಳಲ್ಲಿ ಇಟ್ಟರೆ ಯಾಕೆ ಉಳಿಯಿತು ಎಂದು ಅವರು ಮಕ್ಕಳನ್ನು ಕೇಳಿದರು, ಮಕ್ಕಳು ಹೇಳಿದರು, ಪಾಠ ಮುಗಿಯಿತು. ನಾನು ಬಾಯಿ ಬಿಡುವ ಪ್ರಸಂಗವೇ ಬರಲಿಲ್ಲ. ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ, ಬಿಸಿಲಾಗೆ ಇಟ್ಟಿದ್ರೆ ನಾನೂ ಸೋಲ್ತಿದ್ದೆ ಬಿಡ್ರಿ" ಎಂದರು. ಮೇಲಧಿಕಾರಿಗಳಲ್ಲಿ ಇಂಥವರೂ ಇರುತ್ತಾರೆ. ನಿಮಗೂ ಒಬ್ಬರು ಸಿಗಲಿ.

ಎಲ್ಲರೂ ಹಾಗಿರುವುದಿಲ್ಲ. ಚನ್ನಗಿರಿ ತಾಲ್ಲೂಕಿಗೆ, ತ್ಯಾವಣಿಗೆ ಹತ್ತಿರದ ಶಾಲೆಗೆ ಹೋದಾಗ ಸಿಕ್ಕ ಹೆಡ್‌ಮಾಸ್ಟರ್ ಓಂಕಾರಪ್ಪನವರು ಒಳ್ಳೆಯ ಮನುಷ್ಯ, ಆದರೆ ಮಕ್ಕಳು ಗೇಟು ದಾಟಿದರೆ ಅವರ ಎದೆ ಡವಗುಟ್ಟುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಆ ಗಾದೆಯಲ್ಲಿ ನೀರಿಗೆ ಎಳೆಯುತ್ತಿದ್ದ ಕೋಣ ನಾನೇ ಎಂದು ಬೇರೆ ಹೇಳಬೇಕಿಲ್ಲ.

ಶಾಲೆಯ ಹಿಂದೆಯೇ ಭದ್ರಾ ನಾಲೆಯ ಒಂದು ಸಣ್ಣ ಕವಲು ಹರಿಯುತ್ತಿತ್ತು. ಊರವರು ಅದನ್ನು ಚಾನಲ್ ಎನ್ನುತ್ತಾರೆ. ಅದು ತೋಟ, ಗದ್ದೆಗಳ ನಡುವೆ ಬಳುಕಿಕೊಂಡು ಹೋಗಿ ಕೊನೆಗೆ ಇನ್ನೊಂದು ಪುಟ್ಟ ಹಳ್ಳಿಯಲ್ಲಿ ಮುಗಿಯುತ್ತಿತ್ತು. ಇಲ್ಲಿ ಹರಿದ ನೀರು ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಮಕ್ಕಳು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ ದಿನವೇ ಕ್ಲಾಸು ರಂಗೇರುವುದು.

ನೀರಿನ ಜೊತೆ ಏನನ್ನಾದರೂ ಕಳಿಸಿ ನೋಡೋಣ ಎಂದಾಯಿತು. ಕಾಗದದ ದೋಣಿ ಮೊದಲ ತಿರುವಿನಲ್ಲೇ ಮುದ್ದೆಯಾಯಿತು. ಅಡಿಕೆ ಸಿಪ್ಪೆ ಬಿಟ್ಟೆವು, ಆ ನಾಲೆಯ ತುಂಬ ಮೊದಲೇ ಅಡಿಕೆ ಸಿಪ್ಪೆ, ನಮ್ಮದು ಯಾವುದು ಎಂದು ಗೊತ್ತಾಗಲಿಲ್ಲ. ಮುಂದಿನ ವಾರ ತೆಂಗಿನಕಾಯಿ ಬಿಟ್ಟೆವು. ಅದು ಕೊನೆ ಮುಟ್ಟಲೇ ಇಲ್ಲ. ದಾರಿಯಲ್ಲಿ ಯಾರದೋ ಮನೆಯಲ್ಲಿ ಚಟ್ನಿಯಾಗಿತ್ತು.

ಆಗ ಆರನೇ ಕ್ಲಾಸಿನ ಚೈತ್ರಾ, ಜಡೆಯ ತುದಿ ಕಚ್ಚಿಕೊಂಡು ಯೋಚಿಸುವ ಹುಡುಗಿ, ಒಂದು ಉಪಾಯ ಹೇಳಿದಳು. "ಮಿಸ್, ನಿಂಬೆಹಣ್ಣು ಬಿಡಾಣ. ತೇಲ್ತೈತೆ, ಹಳದಿ ಬಣ್ಣ, ದೂರದಿಂದ ಕಾಣ್ತೈತೆ. ಮತ್ತೆ, ದಾರ್ಯಾಗೆ ಸಿಕ್ಕ ನಿಂಬೆಹಣ್ಣು ಯಾರೂ ಮುಟ್ಟಲ್ಲ."

ಎಂಥ ಜಾಣೆ ಎಂದು ನಾನು ಬೆನ್ನು ತಟ್ಟಿದೆ. ಯಾರೂ ಯಾಕೆ ಮುಟ್ಟುವುದಿಲ್ಲ ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸಂತೆಯಿಂದ ಒಂದು ಚೀಲ ನಿಂಬೆಹಣ್ಣು ತಂದೆವು. ನಮ್ಮವು ಎಂದು ಗುರುತು ಸಿಗಲೆಂದು ಬರೆದರೆ ಮಸಿ ನೀರಿನಲ್ಲಿ ಹೋಗುತ್ತಿತ್ತು, ಅದಕ್ಕೆ ಒಂದೊಂದಕ್ಕೂ ಕೆಂಪು ದಾರ ಸುತ್ತಿದೆವು. ಶನಿವಾರ ಪ್ರಾರ್ಥನೆ ಮುಗಿದ ಕೂಡಲೇ ಸಣ್ಣ ಸೇತುವೆಯ ಮೇಲಿಂದ ಎಲ್ಲವನ್ನೂ ನಾಲೆಗೆ ಬಿಟ್ಟೆವು. ಒಂದು ಸಾಲಾಗಿ, ಕೆಂಪು ದಾರ ಸುತ್ತಿಕೊಂಡು, ಹಳದಿ ಹಳದಿಯಾಗಿ ತೇಲಿಹೋದವು. ನೋಡಲು ಬಲು ಚೆಂದ ಇತ್ತು. ಅಂದು ಅಮಾವಾಸ್ಯೆ ಎಂದು ನನಗೆ ನೆನಪೇ ಇರಲಿಲ್ಲ.

ಕೊನೆಯ ಊರಿನ ಹತ್ತಿರ ಇನ್ನೊಬ್ಬ ಟೀಚರ ಜೊತೆ ಒಂದು ಗುಂಪು ಕಾಯುತ್ತಿತ್ತು. ಕಾದರು, ಕಾದರು, ನಿಂಬೆಹಣ್ಣು ಬರಲಿಲ್ಲ. ಹೊಟ್ಟೆ ಹಸಿದು ವಾಪಸು ಬಂದರು. ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು, ಪ್ರಯೋಗ ಕೆಟ್ಟಿತು ಎಂದುಕೊಂಡು ಎಲ್ಲರೂ ಮನೆಗೆ ಹೋದೆವು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ರೇವಣ್ಣನವರು ಬಂದರು. ನಮ್ಮ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ನಲ್ಲೂರಿನಲ್ಲಿ ಅಡಿಕೆ ವ್ಯಾಪಾರ, ದೊಡ್ಡ ದನಿ. ಮಕ್ಕಳ ಎದುರೇ ಹೆಡ್‌ಮಾಸ್ಟರಿಗೆ ಹೇಳತೊಡಗಿದರು. "ಸಾರ್, ಹುಡುಗ್ರನ್ನ ಜ್ವಾಪಾನ ಮಾಡ್ರಿ. ಚಾನಲ್ ಕೊನ್ಯಾಗಿರೋ ಊರಿಗೆ ಯಾರೋ ಭಾರಿ ಮಾಟ ಮಾಡ್ಸ್ಯಾರೆ. ಅಮಾಸೆ ದಿನ ಸಾಲುಗಟ್ಟಿ ನಿಂಬೆಹಣ್ಣು, ಕೆಂಪು ದಾರ ಬ್ಯಾರೆ. ಹಾಲಮ್ಮ ಅಂತ ಒಬ್ಬಾಕೆ ಗದ್ದೆ ತೂಬಿನ ಬಾಯಿಗೇ ಬಂದು ನಿಂತಾವಂತೆ. ಅವತ್ತೇ ಒಂದು ಎಮ್ಮೆ ಹಾಲು ಕೊಡಾದು ಬಿಟ್ಟೈತೆ. ಆಯಮ್ಮ ಹೆದರಿ ತೂಬಿಗೆ ಮಣ್ಣು ಮೆತ್ತಿ ನೀರು ನಿಲ್ಲಿಸಿಬಿಟ್ಟಾಳೆ, ಸಸಿ ಒಣಗಾಕೆ ಹತ್ಯಾವೆ."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಓಂಕಾರಪ್ಪನವರು ನನ್ನನ್ನು ನೋಡಿದರು, ನಾನು ಧ್ವಜಕಂಬವನ್ನು ನೋಡಿದೆ. ಅಷ್ಟರಲ್ಲಿ ಸಾಲಿನ ಮಧ್ಯದಿಂದ ಚೈತ್ರಾ ಎರಡೂ ಕೈ ಎತ್ತಿ ಹಾರಿದಳು. "ಮಿಸ್! ನಮ್ಮವು ಮುಟ್ಯಾವೆ! ನಮ್ಮ ನಿಂಬೆಹಣ್ಣು ಮುಟ್ಯಾವೆ!" ಇಡೀ ಕ್ಲಾಸು ಹೋ ಎಂದು ಚಪ್ಪಾಳೆ ಹೊಡೆಯಿತು.

ರೇವಣ್ಣನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರ ದನಿ ಇನ್ನೂ ದೊಡ್ಡದಾಯಿತು. "ಮೇಡಂ, ನಿಮ್ಮ ಪಾಠ ಸಾಕು. ಇವತ್ತಿಂದ ಒಂದು ಹುಡುಗಾನೂ ಕಾಂಪೌಂಡ್ ದಾಟಂಗಿಲ್ಲ. ಸಾರ್, ಬರಕಳ್ರಿ." ಓಂಕಾರಪ್ಪನವರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು.

ನೀರಿನ ಶನಿವಾರ ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ಹಾಲಮ್ಮನ ಸಸಿ ಕಣ್ಣ ಮುಂದೆ ಬಂತು. ಕೊನೆಯ ಊರಿಗೆ ನೀರು ಬರುವುದೇ ಅಪರೂಪ, ಬಂದ ನೀರನ್ನು ನನ್ನ ಪಾಠ ನಿಲ್ಲಿಸಿತ್ತು. "ನೀವು ಏನು ಬೇಕಾದ್ರೂ ಬರಕಳ್ರಿ" ಎಂದೆ. "ಮೊದಲು ಎಲ್ಲರೂ ಅಲ್ಲಿಗೆ ಹೋಗಾಣ ನಡೀರಿ. ಆಯಮ್ಮನ ತೂಬು ತೆಗಿಸಿ ಬರಾಣ. ಇದೊಂದು ಸಲ ದಾಟಾಕೆ ಬಿಡ್ರಿ."

ನಾಲೆಯ ಏರಿಯ ಮೇಲೆ ಹೊರಟೆವು. ಮುಂದೆ ರೇವಣ್ಣ, ಹಿಂದೆ ಓಂಕಾರಪ್ಪ, ನಡುವೆ ನಾನು ಮತ್ತು ಮಕ್ಕಳು. ಹೋಗುವುದು ಬೈಗುಳ ತಿನ್ನಲು ಎಂದು ಮಕ್ಕಳಿಗೆ ಹೊಳೆದೇ ಇರಲಿಲ್ಲ, ಅವರು ನಾಲೆ ನೋಡುತ್ತ ನಲಿಯುತ್ತಿದ್ದರು. ಅರ್ಧ ದಾರಿಯಲ್ಲಿ ಜೊಂಡು ಬೆಳೆದು ನಾಲೆ ಅಗಲವಾದ ಜಾಗ ಸಿಕ್ಕಿತು. ಅಲ್ಲಿ ಎರಡು ನಿಂಬೆಹಣ್ಣು ಇನ್ನೂ ಗಿರಿಗಿರಿ ಸುತ್ತುತ್ತಿದ್ದವು. "ಅದಕ್ಕೇ ತಡ ಆಗಿದ್ದು ಮಿಸ್" ಎಂದಳು ಚೈತ್ರಾ. "ನೀರು ಇಲ್ಲಿ ಕುಂತು ಮಾತಾಡಿ ಹೋಗ್ತೈತೆ." ರೇವಣ್ಣನವರು ಬಗ್ಗಿ ನೋಡಿದರು.

ಊರು ಮುಟ್ಟಿದಾಗ ಜನ ಸೇರಿದರು. ಹಾಲಮ್ಮ ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ವಿಭೂತಿ, ಕೈಯಲ್ಲಿ ಸಲಿಕೆ. ತೂಬಿನ ಹತ್ತಿರ ನಿಂಬೆಹಣ್ಣುಗಳನ್ನು ಕೋಲಿನಿಂದ ಒಂದು ಮೂಲೆಗೆ ತಳ್ಳಿ ಸುತ್ತ ಮುಳ್ಳು ಇಟ್ಟಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಮಕ್ಕಳು ನನಗಿಂತ ಚೆನ್ನಾಗಿ ಹೇಳಿದರು. ಜನ ನಂಬಲಿಲ್ಲ. "ಪಾಠ ಮಾಡಾಕೆ ಅಮಾಸೇನೇ ಬೇಕಿತ್ತೇನ್ರಿ?" ಎಂದು ಒಬ್ಬ ಮುದುಕ ಕೇಳಿದ. "ಮಾಟ ಅಲ್ಲ ಅನ್ನಾದಾದ್ರೆ ತಿಂದು ತೋರಿಸ್ರಿ."

"ಹಾಲಕ್ಕ, ಮನ್ಯಾಗೆ ಬೆಲ್ಲ ಐತೇನು?" ಎಂದೆ.

ಮುಳ್ಳು ಸರಿಸಿ ನಿಂಬೆಹಣ್ಣು ಎತ್ತಿಕೊಂಡೆ. ಬಿಸಿನೀರಿನಲ್ಲಿ ಮೂರು ಸಲ ತೊಳೆದೆ, ದಾರ ಬಿಚ್ಚಿದೆ, ಹಾಲಮ್ಮನ ಜಗಲಿಯ ಮೇಲೆ ಎಲ್ಲರ ಎದುರು ಹೆಚ್ಚಿ, ಹಿಂಡಿ, ಬೆಲ್ಲ ಕರಗಿಸಿ ಒಂದು ಕೊಡ ಪಾನಕ ಮಾಡಿದೆ. ಮೊದಲ ಲೋಟ ನಾನು ಕುಡಿದೆ. ಇಡೀ ಊರು ನನ್ನ ಗಂಟಲನ್ನೇ ನೋಡುತ್ತಿತ್ತು. ಖಾಲಿ ಲೋಟ ಬೋರಲು ಹಾಕಿ ತೋರಿಸಿ, ಎರಡನೆಯದನ್ನು ತುಂಬಿ ನಮ್ಮ ಹೆಡ್‌ಮಾಸ್ಟರ ಮುಂದೆ ಹಿಡಿದೆ. ಓಂಕಾರಪ್ಪನವರು ಎದೆಯ ಮೇಲೆ ಕೈ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ನನಗೆ ಶುಗರ್ ಐತೆ ಮೇಡಂ!"

ಮೊದಲು ನಕ್ಕಿದ್ದು ಹಾಲಮ್ಮ. ಸಲಿಕೆ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಹರಿಯಿತು. ಇಷ್ಟರಲ್ಲಿ ಚೈತ್ರಾ ಆ ಲೋಟ ಕಿತ್ತುಕೊಂಡು ಗಟಗಟ ಕುಡಿದು, "ಇನ್ನೊಂದು ಲೋಟ ಹಾಕ್ರಿ ಮಿಸ್" ಎಂದಳು. ಆಮೇಲೆ ಕೊಡ ಖಾಲಿಯಾಗಲು ಎಷ್ಟು ಹೊತ್ತು? ರೇವಣ್ಣನವರೇ ಎರಡು ಲೋಟ ಕುಡಿದರು. ಹಾಲಮ್ಮ ತೂಬಿನ ಮಣ್ಣು ಎತ್ತಿ ಎಸೆದಳು, ನೀರು ಸಸಿಯ ಬುಡಕ್ಕೆ ನುಗ್ಗಿತು. ಮಕ್ಕಳು ಅದರ ಜೊತೆ ಬದುವಿನ ಮೇಲೆ ಓಡಿದರು.

ಹೊರಡುವಾಗ ಹಾಲಮ್ಮ ನನ್ನನ್ನು ತಡೆದಳು. "ಮೇಡಮ್ಮೋರೆ, ನೀವು ಎಷ್ಟೊತ್ತಿಗೆ ಬಿಟ್ರಿ ಅವನ್ನ?"

"ಬೆಳಿಗ್ಗೆ, ಪ್ರಾರ್ಥನೆ ಆದ ಕೂಡ್ಲೆ."

"ನಮ್ಮ ತೂಬಿಗೆ ಬಂದಾಗ ಸಂಜೆಮುಂದೆ, ದನ ನೀರಿಗೆ ಬಿಡೋ ಹೊತ್ತು." ಹಾಲಮ್ಮ ರೇವಣ್ಣನವರ ಕಡೆ ತಿರುಗಿದಳು. "ಅಣ್ಣಾರೆ, ಇವರ ಪಾಠ ನಿಲ್ಲಿಸಬ್ಯಾಡ್ರಿ. ನೀರು ಬಿಟ್ರು ಅಂತ ಸುದ್ದಿ ಬಂದ್ರೆ ಯಾವಾಗ ಮುಟ್ತೈತೋ ಗೊತ್ತಿಲ್ದೆ ನಾವು ಹಗಲು ರಾತ್ರಿ ಏರಿ ಮ್ಯಾಲೆ ಕಾಯ್ತೀವಿ. ಮುಂದಿನ ಸಲ ನಿಮ್ಮೂರಿಗೆ ನೀರು ಬಂದಾಗ ಈ ಹುಡುಗ್ರ ಕೈಲಿ ಒಂದು ನಿಂಬೆಹಣ್ಣು ಬಿಡಿಸ್ರಿ. ಮ್ಯಾಲಿನ ನೀರು ನಮ್ಮೂರ ತನಕ ಮುಟ್ಟೈತೆ ಅಂತ ನಮಗೆ ನಂಬಿಕೆ ಬರ್ತೈತೆ. ಆದ್ರೆ ದಾರ ಬ್ಯಾಡ."

ರೇವಣ್ಣನವರು ಮೀಸೆಗೆ ಅಂಟಿದ ಪಾನಕ ಒರೆಸಿಕೊಂಡು, "ಪೆನ್ನು ಒಳಗಿಡ್ರಿ ಸಾರ್" ಎಂದರು. ನನಗೆ ಕಣ್ಣು ತುಂಬಿ ಬಂತು. ಯಾರಿಗೂ ಕಾಣಬಾರದೆಂದು ಲೋಟ ತೊಳೆಯಲು ಕೂತೆ.

ನಾನು ಅಲ್ಲಿ ಇರುವವರೆಗೂ ಪ್ರತಿ ಸಲ ನೀರು ಬಂದಾಗ ಮಕ್ಕಳು ನಿಂಬೆಹಣ್ಣು ಬಿಟ್ಟರು. ಆಮೇಲೆ ನ್ಯಾಮತಿಗೆ ವರ್ಗವಾಯಿತು. ನನ್ನ ನಂತರ ಬಂದವರು ಮಾಡುವುದಿಲ್ಲ ಎಂದು ಯಾರೋ ಹೇಳಿದರು, ಓಂಕಾರಪ್ಪನವರೂ ನಿವೃತ್ತರಾಗಿದ್ದರು. ಇನ್ನೊಬ್ಬರ ಕ್ಲಾಸಿನ ಮೇಲೆ ನನಗೇನು ಹಕ್ಕು? ಆದರೂ ಬೇಜಾರಾಯಿತು. ಎಷ್ಟು ಓಡಾಡಿಸಿದರೂ ಟೀಚರು ಎದ್ದು ಹೋದ ಮೇಲೆ ಪಾಠವೂ ಎದ್ದು ಹೋಗುತ್ತದೆ ಎಂದುಕೊಂಡೆ.

ನ್ಯಾಮತಿಯಲ್ಲಿ ಕಾಲ ಬದಲಾಗಿತ್ತು. ಸ್ಮಾರ್ಟ್ ಕ್ಲಾಸ್ ಬಂತು, ಗೋಡೆಯ ಮೇಲೆ ಸಮುದ್ರದಿಂದ ಆವಿ ಏಳುವುದನ್ನು ಬಾಣ ಹಾಕಿ ತೋರಿಸುವ ವಿಡಿಯೋ ಬಂತು. ನೋಡಿ ಮುಗಿಸಿದ ಮೇಲೆ ಹೊರಗೆ ಕರೆತಂದು ಆಕಾಶ ನೋಡಿ ಎಂದೆ. ಒಬ್ಬ ಹುಡುಗಿ ಬಹಳ ಹೊತ್ತು ಹುಡುಕಿ, "ಮಿಸ್, ಬಾಣದ ಗುರುತು ಎಲ್ಲೂ ಇಲ್ಲ" ಎಂದಳು. ನಾನು ನಕ್ಕೆ. ಆದರೆ ಮೊಬೈಲನ್ನು ಬೈಯುವ ಮುದುಕಿಯರ ಸಂಘಕ್ಕೆ ನನ್ನನ್ನು ಸೇರಿಸಬೇಡಿ. ಅದ್ಭುತವಾದ ವಸ್ತು ಅದು. ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಛತ್ರಿ ಹಿಡಿದು ಕೂತು ಮಳೆಹನಿಯನ್ನು ನಿಧಾನಗತಿಯಲ್ಲಿ ವಿಡಿಯೋ ಹಿಡಿದೆವು. ಬರಿ ಮಣ್ಣಿಗೆ ಬಿದ್ದ ಹನಿ ಮಣ್ಣನ್ನು ಎತ್ತಿಕೊಂಡು ಹಾರುತ್ತಿತ್ತು. ಹುಲ್ಲಿಗೆ ಬಿದ್ದದ್ದು ಎಲೆಯ ಮೇಲೆ ಕೂತು, ಜಾರಿ, ಮೆಲ್ಲಗೆ ನೆಲಕ್ಕೆ ಇಳಿಯುತ್ತಿತ್ತು. ಅಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ನಾನೇ ಮೊದಲ ಸಲ ಕಣ್ಣಾರೆ ಕಂಡೆ. ಮಕ್ಕಳಿಗಿಂತ ಜೋರಾಗಿ ಕಿರುಚಿದವಳು ನಾನು.

ಈಗ ಸುಮಾಳಿಗೂ ಇನ್ನೂ ಹೇಳದ ಒಂದು ಮಾತು ಇದೆ. ಅವಳು ಬಂದು ಹೋದ ಮರುವಾರವೇ ಅದು ನಡೆದದ್ದು. ತ್ಯಾವಣಿಗೆ ಕಡೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶ ಇತ್ತು. ಊಟ ಮುಗಿಸಿ, ಇಷ್ಟು ದೂರ ಬಂದಿದ್ದೇನೆ ಎಂದು ಆಟೋ ಹಿಡಿದು ನಾಲೆಯ ಕೊನೆಯ ಊರಿಗೆ ಹೋದೆ. ಏರಿಯ ಮೇಲೆ ಮಕ್ಕಳ ದಂಡೇ ಕೂತಿತ್ತು. ಭಾನುವಾರ, ಶಾಲೆ ಇಲ್ಲ, ಟೀಚರೂ ಇಲ್ಲ. ಪಕ್ಕದಲ್ಲಿ ಒಂದು ಸ್ಟೀಲಿನ ಕೊಡ, ಲೋಟಗಳು. ಎಲ್ಲರ ಕಣ್ಣೂ ನಾಲೆಯ ಮೇಲೆ.

"ಏನು ನೋಡ್ತಿದೀರಿ?" ಎಂದೆ.

ಎರಡು ಜಡೆಯ ಒಬ್ಬಳು ಹುಡುಗಿ ನನ್ನ ಅಜ್ಞಾನಕ್ಕೆ ಮರುಗಿದಳು. "ಗೊತ್ತಿಲ್ಲೇನಜ್ಜಿ? ನಿಂಬೆಹಣ್ಣು ಬರ್ತೈತೆ. ಮ್ಯಾಲಿನೂರಿಗೆ ಚಾನಲ್ ನೀರು ಬಂದ್ರೆ ಅಲ್ಲಿ ಹುಡುಗ್ರು ಬಿಡ್ತಾರೆ. ಅದು ಬಂದ್ಮ್ಯಾಲೇ ನಮ್ಮೂರಾಗೆ ತೂಬು ತೆಗೆಯೋದು."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಅಜ್ಜ ಮುತ್ತಜ್ಜನ ಕಾಲದಿಂದ ಬಂದಿದ್ದು."

ನಾನು ಬಾಯಿ ತೆರೆದೆ. ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಅಜ್ಜಿ ಕೆಮ್ಮಿದಳು. ಹಣೆಯ ತುಂಬ ವಿಭೂತಿ. "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂದ್ಕಂಡಿದ್ದೆ, ಬಂದ್ರಿ ನೋಡ್ರಿ" ಎಂದಳು ಹಾಲಮ್ಮ. ಹತ್ತಿರ ಹೋಗಿ ಕೂತೆ. ಆಕೆ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು. "ಸುಮ್ಕಿರ್ರಿ ಮೇಡಮ್ಮೋರೆ. ನೀವು ಮಾಡಿಸಿದ್ದು ಅಂದ್ರೆ ಅದು ಪಾಠ ಆಗ್ತೈತೆ. ಹುಡುಗ್ರು ಓಡಿ ಹೋಗ್ತಾವೆ."

ನಾನು ಬಾಯಿ ಮುಚ್ಚಿಕೊಂಡೆ.

"ಇನ್ನೇನು ಬರ್ತೈತೆ" ಎಂದಳು ಎರಡು ಜಡೆಯವಳು. "ಬೆಳಿಗ್ಗೆ ಬಿಟ್ಟಿದ್ದು ದನ ನೀರಿಗೆ ಬಿಡೋ ಹೊತ್ತಿಗೆ ಮುಟ್ತೈತೆ. ಜೊಂಡು ತೆಗೆದ ವರ್ಷ ಬೇಗ ಬರ್ತೈತೆ, ಬಿಟ್ಟ ವರ್ಷ ತಡ." ಹೇಳಿ ಮುಗಿಸುವಷ್ಟರಲ್ಲಿ ತಿರುವಿನಲ್ಲಿ ಹಳದಿ ಕಂಡಿತು. ಏರಿಯ ಮೇಲೆ ಕೇಕೆಯೋ ಕೇಕೆ. ಒಂದು ಜಾಲರಿಯಲ್ಲಿ ಹಿಡಿದು ಎತ್ತಿದರು, ತೊಳೆದರು, ತೊಳೆದರು, ಮತ್ತೆ ತೊಳೆದರು. ಮೂರು ಸಲ. ಬೆಲ್ಲದ ನೀರಿಗೆ ಹಿಂಡಿದರು. ಮೊದಲ ಲೋಟ ತುಂಬಿ ಆ ಹುಡುಗಿ ನನ್ನ ಮುಂದೆ ಹಿಡಿದಳು. "ಮೊದಲನೇದು ಹೊರಗಿನ ಊರಿನ ಹೆಂಗಸರಿಗೆ ಕೊಡಬೇಕು. ಪದ್ಧತಿ."

ಕುಡಿದೆ. ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು. ಎರಡನೆಯ ಲೋಟ ತುಂಬಿ ಅವಳು ಸುತ್ತ ನೋಡಿದಳು. ಆಗ ಗುಂಪಿನಿಂದ ಚಡ್ಡಿ ಎಳೆದುಕೊಳ್ಳುತ್ತ ಒಬ್ಬ ಪುಟಾಣಿ ಎದ್ದು ಬಂದ. ಲೋಟದ ಮುಂದೆ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಗಂಭೀರವಾಗಿ ಹೇಳಿದ.

"ನನಗೆ ಶುಗರ್ ಐತೆ ಮೇಡಂ!"

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಹಾಲಮ್ಮನ ಹೆಗಲಿಗೆ ಮುಖ ಒತ್ತಿಕೊಂಡೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಸುಧಾರಿಸಿಕೊಂಡು, "ಅವನು ಯಾಕೆ ಹಂಗಂದ?" ಎಂದು ಕೇಳಿದೆ.

"ಯಾಕೆ ಅಂತ ಯಾರಿಗೂ ಗೊತ್ತಿಲ್ಲಜ್ಜಿ" ಎಂದಳು ಎರಡು ಜಡೆಯವಳು, ಲೋಟ ಅವನ ಕೈಗೆ ಕೊಡುತ್ತ. "ಹಂಗಂದ್ರೇನೇ ಪಾನಕ ಕೊಡೋದು."